ಬಾಗಿಲ ಮೇಲಿನ ನೀಲಿ ಗೆರೆ

ಅಂದು ಬೆಳಗ್ಗೆಯಿಂದ ಅವಳ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಬಡಾವಣೆಯವರೆಲ್ಲ ಟೇಪಕ್ಕ ಎಂದು ಕರೆಯುವ ಹೊಲಿಗೆಯವಳು ಅವಳು. ಅಳತೆಯ ಟೇಪು ಸದಾ ಹೆಗಲ ಮೇಲೆ ಇಳಿಬಿದ್ದಿರುತ್ತಿತ್ತು; ನಿದ್ದೆಯಲ್ಲೂ ತೆಗೆಯುವುದಿಲ್ಲ ಎಂದು ಅವಳ ಗಂಡನೇ ಹೇಳಿಕೊಂಡು ನಗುತ್ತಿದ್ದ. ಕೂತಲ್ಲೇ ಕೂತು ಬೆನ್ನು ಬಗ್ಗಿಸುವ ಕೆಲಸ ಅವಳದು. ಆದರೆ ಆ ಸಲ ಮಳೆ ನಿಂತ ಮೇಲೆ, ಎಲ್ಲೋ ಒಡೆದ ಪೈಪಿಗೆ ಮೋರಿಯ ನೀರು ಸೇರಿ, ಓಣಿ ಓಣಿಯಲ್ಲಿ ವಾಂತಿಭೇದಿ ಕಾಣಿಸಿಕೊಂಡಿತು. ಮನೆ ಮನೆಗೆ ಹೋಗಿ ನೋಡಿಕೊಂಡು ಬರಲು ಜನ ಬೇಕು ಎಂದು ಆರೋಗ್ಯ ಕೇಂದ್ರದವರು ಮೈಕಿನಲ್ಲಿ ಕೂಗಿಸಿದರು. ಹಿಡಿದ ಕತ್ತರಿ ಕೆಳಗಿಟ್ಟು, ಮಿಷನ್ನಿಗೆ ಹೊದಿಕೆ ಹೊದಿಸಿ ಟೇಪಕ್ಕ ಎದ್ದು ಹೋದಳು. ಯಾಕೆ ಹೋದೆ ಎಂದು ಕೇಳಿದರೆ ಅವಳ ಬಳಿ ದೊಡ್ಡ ಉತ್ತರವೇನೂ ಇರಲಿಲ್ಲ. ಈ ಜನರ ಮೈಯಳತೆಯೆಲ್ಲ ತನ್ನ ಬಾಯಲ್ಲೇ ಇದೆ. ಅವರು ಹಾಸಿಗೆ ಹಿಡಿದು ಸೊರಗುತ್ತಿರುವಾಗ ಅವರದೇ ಬಟ್ಟೆ ಹೊಲಿಯುತ್ತ ಕೂರಲು ಕೈ ಓಡಲಿಲ್ಲ, ಅಷ್ಟೆ. ಕರೆ ಬಂದದ್ದು ಮೈಕಿನಿಂದಲೇ ಆದರೂ ಕರೆದವನು ದೇವರು ಎಂದು ಅವಳಿಗೆ ಒಳಗೊಳಗೇ ಅನ್ನಿಸಿತ್ತು. ಅದನ್ನು ಯಾರ ಮುಂದೂ ಆಡಿರಲಿಲ್ಲ.

ಕೆಲಸದ ರೀತಿ ಸರಳವಾಗಿತ್ತು. ಇಬ್ಬಿಬ್ಬರು ಜೊತೆಯಾಗಿ ಹೋಗಬೇಕು. ಪ್ರತಿ ಮನೆಯ ಡ್ರಮ್ಮು ಕೊಡಗಳಿಗೆ ಕ್ಲೋರಿನ್ ಮಾತ್ರೆ ಹಾಕಬೇಕು, ಕುದಿಸಿ ಕುಡಿಯಿರಿ ಎಂದು ಹೇಳಬೇಕು, ಯಾರಿಗಾದರೂ ಹೊಟ್ಟೆ ಕೆಟ್ಟಿದೆಯೇ ಎಂದು ವಿಚಾರಿಸಬೇಕು. ಹೊರಡುವಾಗ ಹಿಂದಿನ ದಿನದ ಗುರುತು ಒರೆಸಿ, ಬಿಳಿ ಚಾಕ್‌ಪೀಸಿನಲ್ಲಿ ಬಾಗಿಲ ಮೇಲೆ ಹೊಸ ಗುರುತು ಹಾಕಬೇಕು. ಎಲ್ಲರೂ ಚೆನ್ನಾಗಿದ್ದರೆ ಒಂದು ಗೆರೆ. ಯಾರಾದರೂ ಮಲಗಿದ್ದರೆ ಒಂದು ಸೊನ್ನೆ. ಸೊನ್ನೆ ಕಂಡ ಮನೆಗೆ ಹಿಂದಿನಿಂದಲೇ ನರ್ಸಮ್ಮ ಬರುತ್ತಿದ್ದರು; ಹೆಚ್ಚಾದವರನ್ನು ಶಾಲೆಯಲ್ಲಿ ತೆರೆದ ತಾತ್ಕಾಲಿಕ ಆಸ್ಪತ್ರೆಗೆ ಸೇರಿಸುತ್ತಿದ್ದರು. ತಮ್ಮ ಓಣಿಗೆ ತಾವು ಹೋಗುವಂತಿಲ್ಲ ಎಂಬುದು ನರ್ಸಮ್ಮನ ಕಟ್ಟಪ್ಪಣೆ. "ನಿಮ್ಮ ಓಣಿಯಲ್ಲಿ ನಿಮಗೆ ದಾಕ್ಷಿಣ್ಯ, ಅವರಿಗೆ ಸಂಕೋಚ. ಎರಡೂ ಬೇಡ" ಎಂದಿದ್ದರು. ಹಾಗಾಗಿ ಟೇಪಕ್ಕನಿಗೆ ದೊಡ್ಡ ಟ್ಯಾಂಕಿನ ಹಿಂದಿನ ಓಣಿ ಬಿತ್ತು. ಅವಳ ಓಣಿ ಬೇಕರಿಯ ಅಣ್ಣತಮ್ಮಂದಿರ ಪಾಲಾಯಿತು.

ಅವಳ ಜೊತೆಗಾರ ನಿವೃತ್ತ ಬಸ್ ಕಂಡಕ್ಟರ್. ಕೆಲಸ ಬಿಟ್ಟು ವರ್ಷಗಳಾದರೂ ಬಾಯಿಯಿಂದ ಬಸ್ಸು ಇಳಿದಿರಲಿಲ್ಲ. ಒಂದು ಮನೆ ಮುಗಿಯುತ್ತಲೇ ಬಾಗಿಲ ಚೌಕಟ್ಟಿಗೆ ಎರಡು ಬಾರಿ ತಟ್ಟಿ "ರೈಟ್, ರೈಟ್" ಎನ್ನುತ್ತಿದ್ದರು. ಮುಂದಿನ ಮನೆಯವರು ಅದನ್ನು ಕೇಳಿಯೇ ಕೊಡದ ಮುಚ್ಚಳ ತೆಗೆದಿಡುತ್ತಿದ್ದರು.

ಅಂದು ಬೆಳಗ್ಗೆ ಅವಳ ನೆಮ್ಮದಿ ಕೆಡಿಸಿದ್ದು ಏನೆಂದು ಅವಳಿಗೇ ತಿಳಿಯದು. ಗಂಡ ಊರಿನ ಆಚೆ ತುದಿಗೆ ನೀರಿನ ಟ್ಯಾಂಕರ್ ಓಡಿಸಲು ಹೋದವನು ಮನೆಗೆ ಬಂದು ದಿನಗಳಾಗಿದ್ದವು; ಅದು ಹೊಸದಲ್ಲ. ಮನೆಯಲ್ಲಿ ಅತ್ತೆ ಒಬ್ಬರೇ, ಅದೂ ಹೊಸದಲ್ಲ. ಅತ್ತೆಯೂ ಹೊಲಿಗೆಯವರೇ. ಸೊಸೆಗೆ ಕತ್ತರಿ ಹಿಡಿಯಲು ಕಲಿಸಿದ ಕೈ ಅವರದು. ಕಣ್ಣು ಮಂಜಾದ ಮೇಲೆ ಮಿಷನ್ ಬಿಟ್ಟರು, ಬಾಯಿ ಬಿಡಲಿಲ್ಲ. ಸೊಸೆ ಹೊಸಿಲು ದಾಟಬೇಕಾದರೆ ಹತ್ತು ಮಾತು ಕಟ್ಟಿ ಕಳಿಸುವುದು ಅವರ ರೂಢಿ. ಬಿಸಿಲಲ್ಲಿ ನಿಲ್ಲಬೇಡ, ಕಂಡವರ ಮನೆಯಲ್ಲಿ ನೀರು ಕುಡಿಯಬೇಡ, ಆ ಕಂಡಕ್ಟರನ ಮಾತಿಗೆ ನಗುತ್ತ ಹೊತ್ತು ಕಳೆಯಬೇಡ, ಟೇಪು ಯಾರ ಮನೆಯಲ್ಲೂ ಮರೆತು ಬರಬೇಡ. ಅಂದು ಮಾತ್ರ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವರು, "ಹೋಗು. ಬಾಗಿಲು ಎಳ್ಕೊಂಡು ಹೋಗು" ಎಂದರು.

ಅಷ್ಟೇ ಅಂದರು. ಅವಳೂ ಅವಸರದಲ್ಲಿ ಬಾಗಿಲು ಎಳೆದುಕೊಂಡು ಹೊರಟಳು. ಓಣಿಯ ತಿರುವು ದಾಟಿದ ಮೇಲೆ ಏನನ್ನೋ ಬಿಟ್ಟು ಬಂದೆ ಎನ್ನಿಸಿತು. ಹೆಗಲು ಮುಟ್ಟಿಕೊಂಡಳು, ಟೇಪು ಇತ್ತು. ಚೀಲ ತಡಕಿದಳು, ಮಾತ್ರೆಯ ಡಬ್ಬಿ, ಓಆರ್‌ಎಸ್ ಪೊಟ್ಟಣ, ಚಾಕ್‌ಪೀಸು, ಚಮಚ ಎಲ್ಲ ಇದ್ದವು. ಆದರೂ ಬಿಟ್ಟು ಬಂದೆ ಎಂಬ ಭಾವ ಬೆನ್ನಿಗೆ ಅಂಟಿಕೊಂಡೇ ಬಂತು.

"ಏನಕ್ಕ, ಸ್ಟಾಪ್ ಇಲ್ಲದ ಕಡೆ ಎಲ್ಲ ನಿಲ್ಲಿಸ್ತಾ ಇದ್ದೀಯ?" ಎಂದರು ಕಂಡಕ್ಟರ್, ಅವಳು ಮೂರನೆಯ ಸಲ ಹಿಂತಿರುಗಿ ನೋಡಿದಾಗ.

"ಏನೋ ಮರೆತಿದ್ದೀನಿ ಕಂಡಕ್ಟರಣ್ಣ."

"ಏನು?"

"ಅದೇ ಗೊತ್ತಾಗ್ತಿಲ್ಲ."

"ಗೊತ್ತಾದ್ರೆ ಮರೆತಂಗೆ ಹೇಗಾಗುತ್ತೆ? ಮುಂದೆ ನಡಿ ನಡಿ, ಹಿಂದೆ ಜಾಗ ಇಲ್ಲ."

ಅವಳು ನಗಲಿಲ್ಲ. ಆ ಓಣಿಯ ಮನೆಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಂಥವು. ಒಬ್ಬರ ಅಡಿಗೆಮನೆಯ ಮಾತು ಇನ್ನೊಬ್ಬರ ಪಡಸಾಲೆಗೆ ಕೇಳುತ್ತಿತ್ತು. ಮೋರಿಯ ಅಂಚಿಗೆಲ್ಲ ಬಿಳಿ ಪುಡಿ ಚೆಲ್ಲಿದ್ದರು. ಒದ್ದೆ ಗೋಡೆ, ಔಷಧಿಯ ಘಾಟು, ಅಲ್ಲಲ್ಲಿ ಬಿಸಿಲಿಗೆ ಹಾಕಿದ ಹಾಸಿಗೆ. ಒಂದು ಮನೆಯಲ್ಲಿ ಗಡಿಯಾರ ರಿಪೇರಿಯವ ಕಣ್ಣು ಗುಳಿ ಬಿದ್ದು ಮಲಗಿದ್ದ. ಟೇಪಕ್ಕ ಅವನ ಕೈಯ ಹಿಂಭಾಗದ ಚರ್ಮವನ್ನು ಮೆಲ್ಲಗೆ ಹಿಂಡಿ ಬಿಟ್ಟಳು. ಚರ್ಮ ಕೂಡಲೇ ಹಿಂದಕ್ಕೆ ಸರಿಯದೆ ಮಡಿಕೆ ಹಾಕಿದ ಬಟ್ಟೆಯಂತೆ ಹಾಗೇ ನಿಂತಿತು. ಮೈಯಲ್ಲಿ ನೀರು ಬತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ ಎಂದು ನರ್ಸಮ್ಮ ಕಲಿಸಿದ್ದರು. ಪುಡಿ ಬೆರೆಸಿದ ನೀರನ್ನು ಅವನ ಹೆಂಡತಿಯ ಕೈಗೆ ಕೊಟ್ಟು, "ಗಟಗಟ ಕುಡಿಸಬೇಡಿ, ಚಮಚದಲ್ಲಿ ಕೊಡ್ತಾ ಇರಿ, ವಾಂತಿ ಆದ್ರೂ ಸ್ವಲ್ಪ ಬಿಟ್ಟು ಮತ್ತೆ ಕೊಡಿ" ಎಂದು ಹೇಳಿ, ಬಾಗಿಲಿಗೆ ಸೊನ್ನೆ ಹಾಕಿ ಬಂದಳು. ಹೇಳುತ್ತಿದ್ದದ್ದು ಬಾಯಿ, ಮನಸ್ಸು ಬೇರೆಲ್ಲೋ ಇತ್ತು.

ಓಣಿಯ ನಡುವೆ ಬೀಗದಂಗಡಿಯವನ ಮನೆ. ಅವನ ಹೆಂಡತಿ ಮೊದಲ ದಿನದಿಂದಲೂ ಇವರನ್ನು ಒಳಗೆ ಬಿಟ್ಟುಕೊಂಡವಳಲ್ಲ. ಅಂದೂ ಅರ್ಧ ಬಾಗಿಲು ತೆರೆದು, ಉಳಿದರ್ಧಕ್ಕೆ ತಾನೇ ಅಡ್ಡ ನಿಂತಳು.

"ನಮ್ಮನೇಲಿ ಎಲ್ಲ ಗಟ್ಟಿಮುಟ್ಟಾಗಿದ್ದಾರೆ. ಗೆರೆ ಹಾಕ್ಕೊಂಡು ಹೋಗಿ."

"ಡ್ರಮ್ಮಿಗೆ ಮಾತ್ರೆ ಹಾಕಿಬಿಡ್ತೀವಿ ತಾಯಿ" ಎಂದರು ಕಂಡಕ್ಟರ್.

"ಆ ವಾಸನೆ ನೀರು ನೀವೇ ಕುಡೀರಿ. ಬೆಳಗಾದ್ರೆ ಹತ್ತು ರೋಗಿಷ್ಠರ ಮನೆ ಮೆಟ್ಟಿ ಬರ್ತೀರಿ, ಅದನ್ನೇ ಕಾಲಲ್ಲಿ ಹೊತ್ತು ತಂದು ನಮ್ಮ ಹೊಸಿಲ ಮೇಲೆ ಇಡ್ತೀರಿ." ಆಮೇಲೆ ಟೇಪಕ್ಕನ ಕಡೆ ತಿರುಗಿದಳು. "ಊರ ಬಾಗಿಲೆಲ್ಲ ಬಳಿದು ಬರ್ತೀಯಲ್ಲ, ನಿಮ್ಮನೆ ಬಾಗಿಲಲ್ಲಿ ಏನಿದೆ ಅಂತ ನೋಡಿದ್ದೀಯ? ನಿಮ್ಮನೇಲೇ ಸೊನ್ನೆ ಬಿದ್ದ ದಿನ ಈ ಕಡೆ ತಲೆ ಹಾಕಿ ನೋಡು, ಒಬ್ಬರಾದ್ರೂ ಬಾಗಿಲು ತೆಗೀತಾರಾ ಅಂತ."

ಬೇರೆ ದಿನವಾಗಿದ್ದರೆ ಟೇಪಕ್ಕ ಎರಡು ಮಾತು ತಿರುಗಿಸಿ ಕೊಡುತ್ತಿದ್ದಳು. ಅಂದು ಓಣಿಯ ತುದಿಯ ಕಡೆ ತಿರುಗಿ ನೋಡಿದಳು. ಮನೆಗೊಮ್ಮೆ ಹೋಗಿ ಬಂದೇ ಬಿಡೋಣ ಎನ್ನಿಸಿತು. ಕಂಡಕ್ಟರ್ ಅವಳ ಮುಖ ನೋಡಿದರು.

"ನಿನ್ನ ಓಣಿ ಬೇಕರಿಯವರು ನೋಡ್ತಾರಮ್ಮ. ಇಲ್ಲಿ ಇನ್ನೂ ಅರ್ಧ ಓಣಿ ಬಾಕಿ ಇದೆ. ಅರ್ಧ ದಾರೀಲಿ ಬಸ್ ಬಿಟ್ಟು ಇಳಿದ್ರೆ ಪ್ಯಾಸೆಂಜರ್ ಗತಿ ಏನು?"

ಅದೂ ನಿಜವೇ. ಅವಳು ಮುಂದಿನ ಬಾಗಿಲು ತಟ್ಟಿದಳು. ಅದರ ಮುಂದಿನದೂ ತಟ್ಟಿದಳು. ದೇವರೇ, ನಾನು ಇವರ ಮನೆ ನೋಡಿಕೊಳ್ಳುತ್ತೇನೆ, ನನ್ನ ಮನೆ ನೀನು ನೋಡಿಕೋ ಎಂದು ಒಳಗೇ ಹೇಳಿಕೊಂಡಳು. ದಿನವೂ ಹೇಳಿಕೊಳ್ಳುತ್ತಿದ್ದ ಮಾತು ಅದು. ಹೇಳಿ ಮುಗಿಯುತ್ತಲೇ ಎದೆ ಹಗುರವಾಗುತ್ತಿತ್ತು. ಅಂದು ಆಗಲಿಲ್ಲ.

ಓಣಿ ಮುಗಿಸಿ ದೊಡ್ಡ ಟ್ಯಾಂಕಿನ ಬಳಿಗೆ ಬಂದಾಗ ಬೇಕರಿಯ ಅಣ್ಣತಮ್ಮಂದಿರು ತಮ್ಮ ಕೆಲಸ ಮುಗಿಸಿ ಸೋಪು ಹಚ್ಚಿ ಕೈ ತೊಳೆಯುತ್ತಿದ್ದರು. ಇಬ್ಬರೂ ಮೈಕೈ ತುಂಬಿಕೊಂಡವರು. ಮಾತು ಶುರು ಮಾಡುವವನು ಅಣ್ಣ, ಮುಗಿಸುವವನು ತಮ್ಮ.

"ನಮ್ಮನೆ ಕಡೆ ಹೋಗಿದ್ರಾ? ಅತ್ತೆ ಎದ್ದಿದ್ರಾ?" ಟೇಪಕ್ಕ ಕೇಳಿದಳು.

"ಹೋಗಿದ್ವಿ ಅಕ್ಕ. ಆದ್ರೆ ಬಾಗಿಲು ತಟ್ಟಲಿಲ್ಲ" ಎಂದ ಅಣ್ಣ.

"ಯಾಕೆ?"

"ನೀವೇ ಗೆರೆ ಹಾಕ್ಕೊಂಡು ಬಂದಿದ್ರಲ್ಲ" ಎಂದ ತಮ್ಮ.

"ನಾನಾ?"

"ನಿನ್ನೆ ನಾವು ಹಾಕಿದ್ದು ಬಿಳಿ ಗೆರೆ. ಇವತ್ತು ಅದನ್ನ ಒರೆಸಿ ನೀಲಿ ಗೆರೆ ಹಾಕಿತ್ತು. ಬಟ್ಟೆಗೆ ಗುರುತು ಹಾಕೋ ನೀಲಿ ಚಾಕ್‌ಪೀಸು ನಿಮ್ಮನೇಲಿ ಬಿಟ್ರೆ ಇನ್ಯಾರ ಮನೇಲಿರುತ್ತೆ? ಅಕ್ಕ ನಮ್ಮ ಕೆಲಸ ಹಗುರ ಮಾಡಿದ್ದಾರೆ ಅಂದ್ಕೊಂಡ್ವಿ" ಎಂದು ಅಣ್ಣ ನಕ್ಕ. ಅವಳ ಮುಖ ಕಂಡು ತಮ್ಮ ಆ ನಗುವನ್ನು ಮುಗಿಸಲಿಲ್ಲ.

ಬೆಳಗ್ಗೆ ಬಿಟ್ಟು ಬಂದದ್ದು ಏನೆಂದು ಅವಳಿಗೆ ಆಗ ತಿಳಿಯಿತು. ಅತ್ತೆಯ ಹತ್ತು ಮಾತುಗಳನ್ನು ಕೇಳಿಸಿಕೊಳ್ಳದೆ ಬಂದಿದ್ದಳು. ಆಡುವ ತ್ರಾಣ ಅವರಿಗಿರಲಿಲ್ಲ. ತಾನು ಅದನ್ನು ಬಿಡುವು ಎಂದುಕೊಂಡು ಬಾಗಿಲು ಎಳೆದುಕೊಂಡಿದ್ದಳು.

ಅವಳು ಓಡಿದಳು. ಚೀಲ ತೊಡೆಗೆ ಬಡಿಯುತ್ತಿತ್ತು. ಹಿಂದಿನಿಂದ ಕಂಡಕ್ಟರ್, "ನಾನು ನರ್ಸಮ್ಮನ್ನ ಕರ್ಕೊಂಡು ಬರ್ತೀನಿ, ನೀನು ನಡಿ" ಎಂದದ್ದು ಕೇಳಿಸಿತು.

ಬಾಗಿಲ ಮೇಲೆ ನೀಲಿ ಗೆರೆ ಇತ್ತು. ಸ್ವಯಂಸೇವಕರು ಗೆರೆ ಎಳೆಯುತ್ತಿದ್ದದ್ದು ಅವಸರದಲ್ಲಿ, ಮೇಲಿನಿಂದ ಕೆಳಕ್ಕೆ, ಓರೆಕೋರೆಯಾಗಿ. ಇದು ಕೆಳಗಿನಿಂದ ಮೇಲಕ್ಕೆ ಎಳೆದದ್ದು, ನೂಲು ಹಿಡಿದಷ್ಟು ನೇರ. ಬಟ್ಟೆಯ ಅಂಚಿನಿಂದ ಒಳಕ್ಕೆ ಗುರುತು ಹಾಕುವವರು ಹಾಗೆ ಎಳೆಯುತ್ತಾರೆ. ತುದಿಯಲ್ಲಿ ಮಾತ್ರ ಕೈ ನಡುಗಿ ಗೆರೆ ಪಕ್ಕಕ್ಕೆ ಜಾರಿತ್ತು. ಮೊದಲ ದಿನ ಗೆರೆ ಅಂದರೆ ಏನು, ಸೊನ್ನೆ ಅಂದರೆ ಏನು ಎಂದು ಕತ್ತರಿಸುವ ಮೇಜಿನ ಮೇಲೆ ಬರೆದು ಅತ್ತೆಗೆ ತೋರಿಸಿದವಳು ತಾನೇ.

ಒಳಗೆ ನೆಲ ಒರೆಸಿತ್ತು. ಹಗ್ಗದ ಮೇಲೆ ಹಿಂಡದೆ ಹಾಕಿದ್ದ ಅತ್ತೆಯ ಬಟ್ಟೆಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಬೆಳಗ್ಗೆಯಿಂದ ಎಷ್ಟು ಸಲ ಒಗೆದರೋ, ಎಷ್ಟು ಸಲ ಒರೆಸಿದರೋ. ಕತ್ತರಿಸುವ ಮೇಜಿನ ಕಾಲಿಗೆ ಒರಗಿ ಅವರು ಕೂತಿದ್ದರು. ತುಟಿ ಒಣಗಿ ಬಿರುಕು ಬಿಟ್ಟಿತ್ತು. ಕಣ್ಣು ಒಳಕ್ಕೆ ಹೋಗಿತ್ತು. ಬಲಗೈ ಬೆರಳುಗಳಲ್ಲಿ ನೀಲಿ ಪುಡಿ.

"ಅತ್ತೆ."

"ಇಷ್ಟು ಬೇಗ ಯಾಕೆ ಬಂದೆ?" ದನಿ ಬಾವಿಯ ಆಳದಿಂದ ಬಂದಂತಿತ್ತು.

"ಯಾವಾಗಿನಿಂದ?"

"ನಿನ್ನೆ ಸಂಜೆಯಿಂದ ಸ್ವಲ್ಪ. ದೊಡ್ಡದೇನಲ್ಲ. ವಯಸ್ಸಾದ ಹೊಟ್ಟೆ."

ಟೇಪಕ್ಕ ಅವರ ಕೈಯ ಹಿಂಭಾಗದ ಚರ್ಮ ಹಿಂಡಿ ಬಿಟ್ಟಳು. ಅದು ನಿಂತಲ್ಲೇ ನಿಂತಿತು. ಪುಡಿ ಬೆರೆಸಲು ನೀರಿಗೆಂದು ತಿರುಗಿದಾಗ ಮೇಜಿನ ಕೆಳಗೆ, ಚಿಂದಿ ಬಟ್ಟೆಯ ಮೂಟೆಯ ಮರೆಯಲ್ಲಿ, ಒಂದು ಹೂಜಿ ಕಂಡಿತು. ಮೂಗಿಗೆ ಹಿಡಿದಳು. ಮಾತ್ರೆಯ ವಾಸನೆ ಇರಲಿಲ್ಲ. ನೇರ ನಲ್ಲಿಯಿಂದ ಹಿಡಿದ ನೀರು. ಆ ವಾಸನೆ ನೀರು ಗಂಟಲಲ್ಲಿ ಇಳಿಯುವುದಿಲ್ಲ ಎಂದು ಅತ್ತೆ ಅಂದಿದ್ದರು. ಇಡೀ ಓಣಿಯ ಜೊತೆ ಗುದ್ದಾಡಿ ಬಂದವಳಿಗೆ ಮನೆಯಲ್ಲೂ ಅದೇ ಗುದ್ದಾಟ ಬೇಡವೆನ್ನಿಸಿ, "ಹೇಗಾದ್ರೂ ಕುಡೀರಿ ಅತ್ತೆ" ಎಂದು ಸುಮ್ಮನಾಗಿದ್ದಳು. ಅವರು ಹೇಗಾದರೂ ಕುಡಿದಿದ್ದರು.

ಹೂಜಿಯ ನೀರನ್ನು ಮೋರಿಗೆ ಸುರಿದಳು. ಕುದಿಸಿ ಆರಿಸಿದ ನೀರಿಗೆ ಪುಡಿ ಬೆರೆಸಿ, ಅತ್ತೆಯ ತಲೆಯನ್ನು ತನ್ನ ತೋಳಿಗೆ ಆನಿಸಿಕೊಂಡು ಒಂದೊಂದೇ ಚಮಚ ಹಾಕತೊಡಗಿದಳು.

"ಗೆರೆ ಯಾಕೆ ಎಳೆದ್ರಿ ಅತ್ತೆ?"

ಅತ್ತೆ ಒಂದು ಚಮಚ ನುಂಗಿದರು. ಇನ್ನೊಂದು ನುಂಗಿದರು.

"ನಿನಗೆ ಜನ ಏನಂತಾರೆ ಅಂತ ಗೊತ್ತಿಲ್ವೇನೇ ನನಗೆ? ಊರಿಗೆಲ್ಲ ಬುದ್ಧಿ ಹೇಳೋಳ ಮನೇಲೇ ಸೊನ್ನೆ ಬಿದ್ರೆ ನಿನ್ನನ್ನ ಯಾರು ಒಳಗೆ ಬಿಟ್ಕೋತಾರೆ? ಆ ಮನೆಗಳಲ್ಲಿ ಮಕ್ಕಳಿದ್ದಾವೆ. ನೀನು ಹೋಗಲೇಬೇಕು." ಉಸಿರು ಎಳೆದುಕೊಂಡರು. "ನನ್ನದು ಹೇಗೂ ಹಳೇ ಬಟ್ಟೆ. ತೇಪೆ ಹಾಕೋಕೂ ಜಾಗ ಇಲ್ಲ."

"ಸುಮ್ನಿರಿ ಅತ್ತೆ" ಎಂದಳು ಅವಳು. "ಹಳೇ ಬಟ್ಟೆ ಬಿಸಾಕು ಅಂತ ನೀವು ಯಾವತ್ತಾದ್ರೂ ಕಲಿಸಿದ್ದೀರಾ ನನಗೆ?"

ಅತ್ತೆ ಮುಂದಕ್ಕೆ ಬಾಗಿದರು. ಕುಡಿದದ್ದೆಲ್ಲ ಹೊರಗೆ ಬಂತು. ಅವಳು ಬಾಯಿ ಒರೆಸಿ, ತುಸು ಕಾದು, ಮತ್ತೆ ಚಮಚ ಎತ್ತಿದಳು.

ಹೊರಗೆ ಮಾತು ಕೇಳಿಸಿತು. ಅವಳು ಓಡಿ ಬಂದದ್ದನ್ನು ಓಣಿಯವರು ನೋಡಿದ್ದರು. ಎದುರು ಮನೆಯವರು, ಪಕ್ಕದ ಮನೆಯವರು, ಮಹಡಿಯವರು, ಎಲ್ಲ ತಂತಮ್ಮ ಹೊಸಿಲಲ್ಲೇ ನಿಂತು ಈ ಬಾಗಿಲನ್ನೇ ನೋಡುತ್ತಿದ್ದರು. ಅತ್ತೆ ಅವಳ ಟೇಪಿನ ತುದಿ ಹಿಡಿದುಕೊಂಡರು.

"ಬಾಗಿಲು ಮುಚ್ಚು. ಇಲ್ಲೇ ಕುಡಿಸು. ಸಂಜೆ ಹೊತ್ತಿಗೆ ಸರಿ ಹೋಗುತ್ತೆ. ಯಾರಿಗೂ ಗೊತ್ತಾಗಲ್ಲ."

ಒಂದು ಗಳಿಗೆ ಅವಳಿಗೂ ಹಾಗೆಯೇ ಅನ್ನಿಸಿತು. ಬಾಗಿಲು ಮುಚ್ಚಿಬಿಡಬಹುದು. ಗೆರೆ ಹೇಗೂ ಇದೆ. ನರ್ಸಮ್ಮನನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಬಹುದು, ಕಂಡಕ್ಟರ್ ಬಾಯಿ ಬಿಡುವವರಲ್ಲ. ನಾಳೆ ಎಂದಿನಂತೆ ಟ್ಯಾಂಕಿನ ಹಿಂದಿನ ಓಣಿಗೆ ಹೋಗಬಹುದು, ಬೀಗದಂಗಡಿಯವನ ಹೆಂಡತಿಯ ಕಣ್ಣಲ್ಲಿ ಕಣ್ಣಿಟ್ಟು ನಿಲ್ಲಬಹುದು. ಅವಳು ಅತ್ತೆಯ ಕೈ ನೋಡಿದಳು. ಮತ್ತೊಮ್ಮೆ ಹಿಂಡಿದ ಚರ್ಮ ಹಾಗೇ ನಿಂತಿತು.

ಟೇಪನ್ನು ಹೆಗಲಿನಿಂದ ತೆಗೆದು ಅತ್ತೆಯ ಕೈಯಲ್ಲೇ ಬಿಟ್ಟು ಅವಳು ಎದ್ದಳು. ಹೊರಗೆ ಬಂದು, ಒದ್ದೆ ಬಟ್ಟೆಯಿಂದ ಆ ನೀಲಿ ಗೆರೆಯನ್ನು ಒರೆಸಿದಳು. ಅತ್ತೆ ಎಳೆದ ಗೆರೆಯನ್ನು ಅವಳು ಅಳಿಸಿದ್ದು ಅದೇ ಮೊದಲು. ಚೀಲದಿಂದ ಬಿಳಿ ಚಾಕ್‌ಪೀಸು ತೆಗೆದು, ಇಡೀ ಓಣಿ ನೋಡುತ್ತಿರುವಂತೆ, ತಟ್ಟೆಯಷ್ಟು ಅಗಲದ ಸೊನ್ನೆ ಬರೆದಳು. ಮಹಡಿಯ ಮೇಲೆ ಒಂದು ಕಿಟಕಿ ಮುಚ್ಚಿದ ಸದ್ದು ಕೇಳಿಸಿತು.

ನರ್ಸಮ್ಮ ಬಂದರು, ಹಿಂದೆಯೇ ಕಂಡಕ್ಟರ್ ಹಿಡಿದು ತಂದ ಆಟೋ ಬಂತು. ಅತ್ತೆಯನ್ನು ಎತ್ತಿ ಒಳಗೆ ಕೂರಿಸುವಾಗ, "ಆ ಶಾಲೆಗೆ ಬೇಡ ಕಣೇ, ಅಲ್ಲಿಗೆ ಹೋದವರು" ಎಂದವರು ಮಾತು ಮುಗಿಸಲಿಲ್ಲ.

"ಅಲ್ಲಿಗೆ ಹೋದವರು ಎದ್ದು ಬಂದು ನನ್ನ ಮೇಲೇ ಜಗಳ ಆಡ್ತಿದ್ದಾರೆ ಅಜ್ಜಿ" ಎಂದರು ನರ್ಸಮ್ಮ. "ತಡವಾಗಿ ಬಂದವರಿಗಷ್ಟೇ ಕಷ್ಟ. ನೀವು ತಡ ಮಾಡೋಕೆ ನೋಡಿದ್ರಿ, ನಿಮ್ಮ ಸೊಸೆ ಬಿಡಲಿಲ್ಲ."

ಕಂಡಕ್ಟರ್ ಆಟೋದ ಪಕ್ಕೆಗೆ ಎರಡು ಸಲ ತಟ್ಟಿದರು. "ರೈಟ್" ಎಂದರು, ಪ್ರಾರ್ಥನೆ ಮಾಡುವವರ ದನಿಯಲ್ಲಿ.

ಶಾಲೆಯ ಉದ್ದನೆಯ ಕೋಣೆಯಲ್ಲಿ ಬೆಂಚುಗಳನ್ನು ಗೋಡೆಗೆ ಒಟ್ಟಿ ಮಂಚ ಹಾಕಿದ್ದರು. ಕರಿಹಲಗೆಯ ಮೇಲೆ ಯಾವುದೋ ಲೆಕ್ಕ ಅರ್ಧಕ್ಕೇ ನಿಂತಿತ್ತು. ಅತ್ತೆಯ ಕೈಗೆ ಸೂಜಿ ಚುಚ್ಚಿ ಸಲೈನ್ ಏರಿಸಿದರು. ನರ್ಸಮ್ಮ ನಾಡಿ ಹಿಡಿದು ನೋಡಿ ಹನಿಯ ವೇಗ ಹೆಚ್ಚಿಸಿದರು. ಟೇಪಕ್ಕ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂರುವುದು, ಏಳುವುದು, ಬಾಟಲಿಯಲ್ಲಿ ಇಳಿಯುವ ಹನಿ ನೋಡುವುದು, ಬಾಗಿಲಿಗೆ ಹೋಗಿ ಬರುವುದು. ಕೈಗೆ ಕೆಲಸವಿಲ್ಲದೆ ಮಂಚದ ಹೊದಿಕೆಯ ಬಿಟ್ಟುಹೋದ ಹೊಲಿಗೆಯನ್ನು ಬೆರಳಲ್ಲಿ ಮಡಿಸುವುದು, ಬಿಡುವುದು. ಪ್ರಾರ್ಥಿಸಲು ಕಣ್ಣು ಮುಚ್ಚಿದರೆ ಪದಗಳು ಕೂಡಿ ಬರುತ್ತಿರಲಿಲ್ಲ. ದೇವರೇ, ನನ್ನ ಮನೆ ನೀನು ನೋಡಿಕೋ ಎಂದು ಒಪ್ಪಿಸಿ ಬಂದಿದ್ದೆನಲ್ಲ ಎಂದು ಕೇಳಹೊರಟಳು. ಕೇಳುವ ಮೊದಲೇ ಬೇಕರಿಯ ತಮ್ಮ ಕೈ ತೊಳೆಯುತ್ತ ಆಡಿದ ಗೆರೆಯ ಮಾತು ನೆನಪಾಯಿತು. ಆ ಮಾತು ಅವಳ ಕಿವಿಗೆ ಬೀಳದಿದ್ದರೆ? ಅವಳು ಕೇಳುವುದನ್ನು ಬಿಟ್ಟು ಸುಮ್ಮನೆ ಕೈ ಮುಗಿದಳು.

ಬಿಸಿಲು ಕಿಟಕಿಯಿಂದ ಇಳಿದು ಎದುರು ಗೋಡೆ ಹತ್ತಿತು. ಒಂದು ಬಾಟಲಿ ಮುಗಿದು ಇನ್ನೊಂದು ಬಂತು. ನರ್ಸಮ್ಮ ಬಂದು, "ಮೂತ್ರ ಹೋಯ್ತಾ ಅಜ್ಜಿ?" ಎಂದು ಕೇಳಿದರು.

ಅತ್ತೆ ಕಣ್ಣು ಬಿಟ್ಟರು. "ಮೆಲ್ಲಗೆ ಕೇಳಮ್ಮ. ಇದನ್ನೂ ಮೈಕಲ್ಲಿ ಕೂಗಿಸ್ತೀಯಾ?"

"ಹೋಯ್ತಾ ಇಲ್ವಾ ಹೇಳಿ."

"ಹೋಯ್ತು" ಎಂದು ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿದರು.

ನರ್ಸಮ್ಮನ ಮುಖ ಅಂದು ಮೊದಲ ಸಲ ಸಡಿಲವಾಯಿತು. "ಮೈಗೆ ನೀರು ಹಿಡಿದಿದೆ, ಇನ್ನು ಹೆದರಿಕೆ ಇಲ್ಲ" ಎಂದು ಟೇಪಕ್ಕನ ಭುಜ ಮುಟ್ಟಿ ಮುಂದಿನ ಮಂಚಕ್ಕೆ ಹೋದರು. ಟೇಪಕ್ಕ ಸ್ಟೂಲಿನ ಮೇಲೆ ಕುಸಿದು ಕೂತಳು. ಬೆಳಗ್ಗೆಯಿಂದ ನಿಲ್ಲದ ಕಾಲು ಈಗ ಏಳಲಾರೆ ಎಂದಿತು.

ಸಂಜೆಯ ಹೊತ್ತಿಗೆ ಕಂಡಕ್ಟರ್ ಬಾಗಿಲಲ್ಲಿ ಕಾಣಿಸಿಕೊಂಡರು. ಒಳಗೆ ಬರದೆ ಅಲ್ಲಿಂದಲೇ ಸನ್ನೆ ಮಾಡಿ ಕರೆದರು.

"ಬೀಗದಂಗಡಿಯವನ ಹೆಂಡತಿ ಹೇಳಿ ಕಳಿಸಿದ್ದಾಳೆ."

"ಏನಂತೆ? ನಾಳೆಯಿಂದ ಆ ಕಡೆ ಕಾಲಿಡಬೇಡ ಅಂತನಾ?"

"ಅವಳ ಗಂಡನಿಗೆ ನಿನ್ನೆಯಿಂದ ಹೊಟ್ಟೆ ಕೆಟ್ಟಿದೆಯಂತೆ. ಬೆಳಗ್ಗೆ ಬಾಗಿಲಿಗೆ ಅಡ್ಡ ನಿಂತಿದ್ದು ಅದಕ್ಕೇ. ನೀನು ನಿನ್ನ ಬಾಗಿಲಿಗೆ ನೀನೇ ಸೊನ್ನೆ ಹಾಕಿದ್ದು ಅಷ್ಟು ದೂರಕ್ಕೂ ಸುದ್ದಿಯಾಗಿದೆ. ನರ್ಸಮ್ಮ ಇಲ್ಲಿಯವರನ್ನ ಬಿಟ್ಟು ಬರೋ ಹಾಗಿಲ್ಲ. ಆಟೋ ಹೊರಗೆ ನಿಂತಿದೆ. ಅವನು ಕೂತ್ಕೊಳ್ಳೋ ಸ್ಥಿತೀಲಿದ್ದಾನೋ ಮಲಗಿಸ್ಕೊಂಡು ಬರಬೇಕೋ, ಯಾರಾದ್ರೂ ನೋಡಬೇಕು. ಟೇಪಕ್ಕನೇ ಬರಲಿ ಅಂದಳಂತೆ."

ಅವಳು ಹಿಂತಿರುಗಿ ನೋಡಿದಳು. ಅತ್ತೆ ಕಣ್ಣು ಮುಚ್ಚಿದ್ದರು. ಇವರನ್ನು ಬಿಟ್ಟು ಹೇಗೆ ಹೋಗಲಿ ಎಂದು ಅವಳು ಬಾಯಿ ಬಿಡುವ ಮೊದಲೇ ಮಂಚದಿಂದ ದನಿ ಬಂತು.

"ಹೋಗು" ಎಂದರು ಅತ್ತೆ.

ಬೆಳಗ್ಗೆ ಅಂದದ್ದೂ ಇದನ್ನೇ. ಅವಳು ಮಂಚದ ಹತ್ತಿರ ಬಂದು ಬಗ್ಗಿ ನಿಂತಳು. ಅತ್ತೆ ಕಣ್ಣು ಬಿಟ್ಟು, ಕೈಯಲ್ಲಿ ಸುತ್ತಿಟ್ಟುಕೊಂಡಿದ್ದ ಟೇಪನ್ನು ನಿಧಾನವಾಗಿ ಬಿಚ್ಚಿದರು.

"ಇದನ್ನ ತಗೊಂಡು ಹೋಗಬೇಡ, ಇಲ್ಲೇ ಇರಲಿ, ಎಲ್ಲಾದ್ರೂ ಮರೆತು ಬರ್ತೀಯ. ಅವಳು ಏನಾದ್ರೂ ಅಂದ್ರೆ ತಿರುಗಿಸಿ ಮಾತಾಡಬೇಡ, ಹೆದರಿದೋಳು ಅವಳು. ಅಲ್ಲಿ ನೀರು ಕುಡೀಬೇಡ. ಹೊರಗೆ ಬಂದ ಮೇಲೆ ಕೈ ತೊಳ್ಕೊ, ಮೊಣಕೈ ತನಕ ತೊಳ್ಕೊ, ಸುಮ್ನೆ ಬೆರಳು ನೆನೆಸಿ ಬರಬೇಡ. ಆ ಕಂಡಕ್ಟರನ ಮಾತಿಗೆ ನಗ್ತಾ ನಿಲ್ಲಬೇಡ. ಮತ್ತೆ ಈ ಹೊದಿಕೆ ಯಾರು ಹೊಲಿದಿದ್ದು, ಅಂಚು ಎಲ್ಲಾ ಸೊಟ್ಟ, ಬರ್ತಾ ಸೂಜಿ ದಾರ ತಗೊಂಡು ಬಾ…"

ಅತ್ತೆ ಇನ್ನೂ ಹೇಳುತ್ತಲೇ ಇದ್ದರು. ಟೇಪಕ್ಕ ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡಳು. ಎಲ್ಲ ಮುಗಿದು, ಇನ್ನೇನಾದರೂ ಉಳಿದಿದೆಯೋ ಎಂದು ತುಸು ನಿಂತು ನೋಡಿ, ಆಮೇಲೆ ಚೀಲ ಹೆಗಲಿಗೇರಿಸಿಕೊಂಡು ಹೊರಟಳು.